ಮರದಿಂದ ಮರಕ್ಕೆ ದಾರಿ ಉಳಿಯಬೇಕು

ಕಳೆದ ಆಷಾಢದಲ್ಲಿ ತಮ್ಮ ಮತ್ತು ನಾನು ಬೈಕಿನಲ್ಲಿ ಜೋಗದ ಹತ್ತಿರದ ಮಾವಿನಗುಂಡಿಯಿಂದ ಗೇರುಸೊಪ್ಪ ಕಡೆ ಘಟ್ಟ ಇಳಿಯುತ್ತಿದ್ದೆವು. ಮಳೆ ಸ್ವಲ್ಪ ಹೊಳವಾಗಿತ್ತು. ಮಲೆಮನೆ ಹತ್ತಿರ ಒಂದು ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿ "ಅಣ್ಣಾ, ಮೇಲೆ ನೋಡು" ಅಂದ. ಸಿಂಗಳೀಕದ ಗುಂಪು ರಸ್ತೆ ದಾಟುತ್ತಿತ್ತು, ಎಲ್ಲಾ ಮರದ ಮೇಲಿಂದಲೇ. ಈ ಕಡೆಯ ಟೊಂಗೆ ತುದಿಗೆ ಬರುವುದು, ಒಂದು ಸಲ ಜೀಕುವುದು, ಹಾರಿ ಆ ಕಡೆಯ ಟೊಂಗೆ ಹಿಡಿಯುವುದು. ಹೊಟ್ಟೆಗೆ ಮರಿ ಕಚ್ಚಿಕೊಂಡಿದ್ದ ಒಂದು ತಾಯಿ ಮಾತ್ರ ತುದಿವರೆಗೆ ಬಂತು, ಕೆಳಗೆ ನೋಡಿತು, ವಾಪಸ್ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಉಳಿದವು ಆ ಕಡೆ ಕೂತು ಕೂಗುತ್ತಿದ್ದವು. ಕಡೆಗೆ ಅದು ರಸ್ತೆ ಪಕ್ಕದ ಮರಗಳ ಮೇಲೆಯೇ ಸುಮಾರು ದೂರ ನಡೆದು, ಎರಡೂ ಕಡೆಯ ಮರಗಳ ತಲೆ ಕೂಡಿದ್ದ ಒಂದು ಜಾಗದಲ್ಲಿ ಆರಾಮಾಗಿ ದಾಟಿಕೊಂಡಿತು. ಅಷ್ಟು ಹೊತ್ತಿಗೆ ಮಳೆ ಮತ್ತೆ ಹಿಡಿದಿತ್ತು, ನಾವಿಬ್ಬರೂ ಪೂರ್ತಿ ನೆನೆದಿದ್ದೆವು.

ಅಭಯಾರಣ್ಯದಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿದರೆ ನನಗೆ ಆ ಜಾಗವೇ ಕಣ್ಣಿಗೆ ಬರುತ್ತದೆ. ಎಷ್ಟು ಚದರ ಕಿಲೋಮೀಟರ್ ಅನ್ನೋದು ಆಮೇಲಿನ ಮಾತು. ಮರಕ್ಕೆ ಮರ ತಾಗಿಕೊಂಡಿದೆಯಾ ಅನ್ನೋದು ಮೊದಲು.

ಸಿಂಗಳೀಕ ನಮ್ಮ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು, ಅಷ್ಟೇ. ಅದರಲ್ಲೂ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳೇ ಅದರ ಉತ್ತರದ ತುದಿ. ತೋಟಕ್ಕೆ ನುಗ್ಗಿ ಬಾಳೆ ಮುರಿಯುವ ಮಂಗ ಬೇರೆ, ಇದು ಬೇರೆ. ಇದು ಹೆಚ್ಚಾಗಿ ದಟ್ಟ ಕಾಡು ಬಿಟ್ಟು ಹೊರಗೆ ಬರುವುದಿಲ್ಲ, ನೆಲಕ್ಕೆ ಇಳಿಯುವುದೂ ಕಡಿಮೆ. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಐದಾರು ವರ್ಷ ಆಗಿರುತ್ತದೆ, ಮುಂದಿನ ಮರಿಗೆ ಮತ್ತೆ ಎರಡು ಮೂರು ವರ್ಷ. ಒಂದು ಗುಂಪು ಹೋಯಿತು ಅಂದರೆ ಆ ಜಾಗ ಮತ್ತೆ ತುಂಬುವುದು ಬಹಳ ಕಷ್ಟ.

ನಾವೂ ಇದಕ್ಕೆ ತೊಂದರೆ ಕೊಟ್ಟವರೇ. ತೊಂಬತ್ತರ ದಶಕದಲ್ಲಿ ಉಪ್ಪಾಗೆ ಅನ್ನೋ ಕಾಡಿನ ಹುಳಿ ಹಣ್ಣಿನ ಸಿಪ್ಪೆಗೆ ಒಮ್ಮೆಲೇ ರೇಟು ಬಂತು. ಹೊರದೇಶದಲ್ಲಿ ತೂಕ ಇಳಿಸುವ ಮಾತ್ರೆಗೆ ಹೋಗುತ್ತದೆ ಅಂತಿದ್ದರು. ಅದುವರೆಗೆ ಮನೆ ಸಾರಿಗೆ, ಉಪ್ಪಾಗೆ ತುಪ್ಪಕ್ಕೆ ಬೇಕಾದಷ್ಟು ಹೆಕ್ಕಿ ತರುತ್ತಿದ್ದವರೆಲ್ಲ ದೋಟಿ ಹಿಡಿದು ಕಾಡಿಗೆ ಹೋದೆವು. ಹಣ್ಣಾಗುವವರೆಗೆ ಕಾಯುವಂತಿಲ್ಲ, ನಾವು ಬಿಟ್ಟರೆ ನಾಳೆ ಇನ್ನೊಬ್ಬರು ಕೊಯ್ಯುತ್ತಾರೆ. ಹಾಗಾಗಿ ಕಾಯಿಯನ್ನೇ ಬಡಿಯುವುದು, ಕೈಗೆ ಎಟುಕದಿದ್ದರೆ ಟೊಂಗೆಯನ್ನೇ ಕಡಿಯುವುದು. ಮಳೆಗಾಲದ ಬೆಳೆ, ಬಿಸಿಲಿಲ್ಲ, ಒಣಗಿಸಲು ಹಗಲು ರಾತ್ರಿ ಬೆಂಕಿ ಹಾಕಬೇಕು. ಆ ಸೌದೆಯೂ ಕಾಡಿನದೇ. ನಮ್ಮ ಹಿತ್ತಲಿನ ಮಾಡಿನಲ್ಲಿ ಅಟ್ಟ ಕಟ್ಟಿ ಸಿಪ್ಪೆ ಹರವುತ್ತಿದ್ದೆವು. ಅಮ್ಮ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅದನ್ನು ಮಗುಚುತ್ತಿದ್ದಳು. ಅದೇ ಹಣ್ಣಿನ ತಿರುಳು, ಬೀಜ ಸಿಂಗಳೀಕಕ್ಕೆ ಮಳೆಗಾಲದ ಊಟ ಅಂತ ನಮಗೆ ಆಗ ಹೊಳೆದಿರಲೇ ಇಲ್ಲ.

2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆ ಆಯಿತು. ಸುಮಾರು 300 ಚದರ ಕಿಲೋಮೀಟರ್. ಊರಲ್ಲಿ ಎಲ್ಲರಿಗೂ ಭಯ, ಇನ್ನು ನಮ್ಮನ್ನು ಎಬ್ಬಿಸುತ್ತಾರೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೂ ಕಾಲಿಡಲು ಬಿಡುವುದಿಲ್ಲ ಅಂತ. ಹಾಗೇನೂ ಆಗಲಿಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಲ್ಲಿ ಬಂದ ವ್ಯವಸ್ಥೆ ಇದು. ಸಂರಕ್ಷಣಾ ಮೀಸಲಿನ ಒಳಗೆ ಇರುವವರ ಹಕ್ಕು ಹೋಗುವುದಿಲ್ಲ, ಸರ್ಕಾರ ಊರವರನ್ನು ಕೇಳಿಯೇ ಮಾಡಬೇಕು. ನಮ್ಮ ಕಡೆ ಆಮೇಲೆ ಕಂಡ ಬದಲಾವಣೆ ಸಣ್ಣದು, ಆದರೆ ನನಗೆ ಅದು ದೊಡ್ಡದು. ಇಂಥ ದಿನದ ಮೇಲೆಯೇ ಕೊಯ್ಲು ಅಂತ ಊರವರು ಕೂತು ಮಾತಾಡಿಕೊಂಡರು. ಸೌದೆ ಕಡಿಮೆ ತಿನ್ನುವ ಒಲೆ ಬಂತು. ಮಂಗ ತಿರುಳು ತಿಂದು ಬೀಳಿಸಿದ ಸಿಪ್ಪೆಯನ್ನೂ ಹೆಕ್ಕಿ ತರಬಹುದು ಅನ್ನೋದು ನಮಗೆ ಆಮೇಲೆ ಗೊತ್ತಾಯಿತು.

2019ರಲ್ಲಿ ಈ ಮೀಸಲನ್ನೂ ಸುತ್ತಲಿನ ಇನ್ನಷ್ಟು ಕಾಡನ್ನೂ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿಸಿ ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಮಾಡಿದರು. ಅಘನಾಶಿನಿ ಕಡೆಯ ಕಾಡು, ಶರಾವತಿ ಕಡೆಯ ಕಾಡು ಒಂದೇ ಹೆಸರಿನ ಕೆಳಗೆ ಬಂತು. ರಾಮಪತ್ರೆ ಜಡ್ಡಿಗಳಿರುವ ಕತ್ತಲೆಕಾನಿನಂಥ ಜಾಗಕ್ಕೆ ಇದು ಬೇಕಿತ್ತು. ವರ್ಷವಿಡೀ ನೀರು ನಿಲ್ಲುವ, ಬೇರುಗಳು ಮೊಣಕಾಲಿನ ಹಾಗೆ ಕೆಸರಿನಿಂದ ಮೇಲೆದ್ದು ನಿಂತ ಜಾಗ ಅದು, ಒಮ್ಮೆ ಹಾಳಾದರೆ ನೆಟ್ಟು ಬೆಳೆಸುವಂಥದ್ದಲ್ಲ. ಆದರೆ ಅಭಯಾರಣ್ಯ ಅಂದ ಮೇಲೆ ನಿಯಮ ಬಿಗಿ, ಜನರಿಗೆ ಹಳೆಯ ಭಯ ವಾಪಸ್ ಬಂದಿದೆ. ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಹಕ್ಕುಗಳ ವಿಷಯ ಬೇಗ ಇತ್ಯರ್ಥ ಮಾಡಿ ಬರಹದಲ್ಲಿ ಕೊಡಬೇಕು. ಊರವರು ಮುನಿಸಿಕೊಂಡರೆ ಗಾರ್ಡು ಎಷ್ಟು ಜನ ಇದ್ದರೂ ಅಷ್ಟು ದೊಡ್ಡ ಕಾಡು ಕಾಯುವುದಕ್ಕೆ ಆಗುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ನಮಗೆ ಟೊಂಗೆ ಕಡಿಯಬೇಡಿ ಅಂದರು, ಸರಿ, ಬಿಟ್ಟೆವು. ಅದೇ ಅಭಯಾರಣ್ಯದ ನಡುವೆ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ಮಧ್ಯೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ತರಲು ಹೊರಟಿದ್ದಾರೆ. ಕರೆಂಟು ಹೆಚ್ಚಿರುವಾಗ ಕೆಳಗಿನ ನೀರನ್ನು ಮೇಲೆ ಎತ್ತುವುದು, ಬೇಕಾದಾಗ ಇಳಿಸಿ ಕರೆಂಟು ಮಾಡುವುದು. ಸೋಲಾರ್ ವಿದ್ಯುತ್ ಕೂಡಿಡಲು ಇಂಥದ್ದು ಬೇಕು ಅನ್ನೋ ವಾದ ನನಗೂ ಅರ್ಥವಾಗುತ್ತದೆ. ಆದರೆ ಇಲ್ಲೇ ಯಾಕೆ? ಸುರಂಗ ನೆಲದಡಿ ಇರುತ್ತದೆ ಅನ್ನುತ್ತಾರೆ. ಸುರಂಗದ ಬಾಯಿಗೆ ಲಾರಿ ಹೋಗುವ ರಸ್ತೆ ನೆಲದ ಮೇಲೇ ಆಗಬೇಕಲ್ವಾ? ಮಣ್ಣು ಎಲ್ಲಿ ಸುರಿಯುತ್ತಾರೆ? ಕಾಗದದ ಮೇಲೆ ಹೋಗುವ ಕಾಡು ಸ್ವಲ್ಪವೇ ಅಂತ ಕಾಣಬಹುದು, ಆದರೆ ಒಂದು ಅಗಲದ ರಸ್ತೆ ಸಾಕು ಒಂದು ಗುಂಪನ್ನು ಎರಡು ಮಾಡಲು. ಈ ಕಣಿವೆ ಕೊಡಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟಾಗಿದೆ. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಮುಳುಗಿದ್ದು ಕಾಡೂ ಹೌದು, ಊರೂ ಹೌದು. ಹಳೆಯ ಶರಾವತಿ ಅಭಯಾರಣ್ಯದ 431 ಚದರ ಕಿಲೋಮೀಟರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಬರೀ ಹಿನ್ನೀರು.

ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಇದೇ ಮಂಗ ಇತ್ತು, ಅಲ್ಲೂ ವಿದ್ಯುತ್ ಯೋಜನೆ ಇತ್ತು. ಜನ ವರ್ಷಗಟ್ಟಲೆ ಹಠ ಹಿಡಿದರು, ಯೋಜನೆ ಬಿಟ್ಟರು, 1984ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಕೇರಳ ಕತ್ತಲಲ್ಲೇನೂ ಉಳಿಯಲಿಲ್ಲ. ಇಲ್ಲೂ ಕೈಬಿಡಬೇಕು ಅಂತಲೇ ನನ್ನ ಅಭಿಪ್ರಾಯ, ಒಪ್ಪದವರು ಕೆಳಗೆ ಬರೆಯಿರಿ, ಮಾತಾಡೋಣ.

ಜೋಗ ನೋಡಲು ಬರುವವರಲ್ಲಿ ಒಂದು ಮಾತು. ಆ ಘಟ್ಟದಲ್ಲಿ ಸಿಂಗಳೀಕ ಕಂಡರೆ ಗಾಡಿ ನಿಧಾನ ಮಾಡಿ, ನೋಡಿ, ಖುಷಿಪಡಿ. ಚಿಪ್ಸು, ಬಿಸ್ಕತ್ತು ಎಸೆಯಬೇಡಿ, ದಯವಿಟ್ಟು. ತಿಂಡಿ ಆಸೆಗೆ ನೆಲಕ್ಕೆ ಇಳಿಯುವುದನ್ನು ಕಲಿತ ಮಂಗ, ಮೇಲೆ ಮರಗಳ ತಲೆ ಕೂಡಿದ್ದರೂ ಕೆಳಗೆ ಲಾರಿಗಳ ನಡುವೆಯೇ ದಾಟುತ್ತದೆ.