ಹಾಡಿದವರು ‘ಮತ್ತಿತರರು’

ಸೋಮವಾರದ ಪೇಪರ್‌ನಲ್ಲಿ ಆ ಫೋಟೊ ನೀವೂ ನೋಡಿರುತ್ತೀರಿ. ಒಂದು ದೀಪದ ಕಂಬ, 5 ಬತ್ತಿ, 11 ಕೈ. ಬತ್ತಿ ಸಿಗದವರು ಮುಂದಿನವರ ಮೊಣಕೈ ಹಿಡಿದು ನಿಂತಿದ್ದಾರೆ. ಪುಣ್ಯ ಕರೆಂಟಿನ ಹಾಗೆ ಹರಿದು ಬರುತ್ತೆ ಅಂತ ಇರಬೇಕು. ಕೆಳಗೆ ಹನ್ನೊಂದೂ ಜನರ ಹೆಸರು, ಹುದ್ದೆ ಸಮೇತ. ಕೊನೆಗೆ ‘ಮತ್ತಿತರರು ಉಪಸ್ಥಿತರಿದ್ದರು’. ಆ ಮತ್ತಿತರರಲ್ಲಿ ಒಬ್ಬರು ಅವತ್ತು ಹಾಡೋಕೆ ಬಂದವರು.

ನಮ್ಮ ಕ್ಲಬ್ಬಿನವರು ದಾವಣಗೆರೆಗೆ ಅಮೆರಿಕದ ಜಾಜ್ ಸಂಗೀತ ತಂದರು. ಸಣ್ಣ ಸಾಧನೆಯಲ್ಲ. ಫ್ಲೆಕ್ಸ್ ಮಾಡಿದವನು ‘ಜಾಜಿ ಸಂಜೆ’ ಅಂತ ಪ್ರಿಂಟ್ ಹಾಕಿಬಿಟ್ಟ. ನಮ್ಮ ಪಕ್ಕದ ಮನೆ ಆಂಟಿ ಎರಡು ಮೊಳ ಹೂ ಮುಡಿದೇ ಬಂದರು. ಫ್ಲೆಕ್ಸಿನಲ್ಲಿದ್ದದ್ದು ಸಭೆಯಲ್ಲೂ ಸಿಕ್ಕಿದ್ದು ಅದೊಂದೇ.

ಕಾರ್ಯಕ್ರಮ 6.30ಕ್ಕೆ. ಮುಖ್ಯ ಅತಿಥಿ ಬಂದಿದ್ದು 7.40ಕ್ಕೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಆಮೇಲೆ ‘ಎರಡೇ ಮಾತು’. 1997ರಲ್ಲಿ ಜಿಲ್ಲೆಯಾದದ್ದರಿಂದ ಹಿಡಿದು ಸ್ಮಾರ್ಟ್ ಸಿಟಿವರೆಗೆ ಎಲ್ಲವೂ ಆ ಎರಡು ಮಾತಲ್ಲೇ ಬಂತು. ಕರ್ನಾಟಕದ ಮ್ಯಾಂಚೆಸ್ಟರ್ ಆಗಿದ್ದ ನಮ್ಮೂರು ಇನ್ಮುಂದೆ ಕರ್ನಾಟಕದ ನ್ಯೂ ಆರ್ಲಿಯನ್ಸ್ ಅಂತೆ, ಅಂದ್ರೆ ಅಮೆರಿಕದಲ್ಲಿ ಜಾಜ್ ಹುಟ್ಟಿದ ಊರು. ಇರಲಿ ಬಿಡಿ. ಮಿಲ್ಲುಗಳಿಗೆ ಬೀಗ ಬಿದ್ದ ಊರಿಗೆ ಹೊಸದೊಂದು ಬಿರುದಾದರೂ ಬೇಕಲ್ವಾ?

ಅಷ್ಟೂ ಹೊತ್ತು ಆ ಗಾಯಕಿ ವೇದಿಕೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿಕೊಂಡು ಒಂದು ಗುಟುಕು ಕುಡಿಯುತ್ತಿದ್ದರು, ಎದ್ದು ನಿಲ್ಲುತ್ತಿದ್ದರು. ಅಷ್ಟರಲ್ಲಿ ಇನ್ನೊಬ್ಬರು ಮೈಕ್ ಹಿಡಿಯುತ್ತಿದ್ದರು. ಮತ್ತೆ ಕೂರುತ್ತಿದ್ದರು. ನಾಲ್ಕನೇ ಸಲಕ್ಕೆ ಫ್ಲಾಸ್ಕ್ ಖಾಲಿ.

8.40ಕ್ಕೆ ಅಂತೂ ಹಾಡು ಶುರುವಾಯಿತು. ಎರಡನೇ ಹಾಡಿನ ನಡುವೆ ಮಾತು ಬಿಟ್ಟು ಬರೀ ‘ಶೂಬಿ ಡೂಬಿ ದಾಬ’ ಅಂತ ಸ್ವರದಲ್ಲೇ ಆಡತೊಡಗಿದರು. ಇದಕ್ಕೆ ಸ್ಕ್ಯಾಟ್ ಅಂತಾರೆ. ನನ್ನ ಪಕ್ಕದ ಹಿರಿಯರು ಲೊಚಗುಟ್ಟಿದರು, ‘ಪಾಪ, ಸಾಹಿತ್ಯ ಮರೆತುಹೋಯ್ತು ನೋಡ್ರಿ.’

ಅವರನ್ನು ನೋಡಿ ನಗಬೇಡಿ. 1960ರಲ್ಲಿ ಬರ್ಲಿನ್‌ನಲ್ಲಿ ಅಮೆರಿಕದ ಹೆಸರಾಂತ ಜಾಜ್ ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್ ನಿಜಕ್ಕೂ ಹಾಡಿನ ಸಾಲು ಮರೆತಿದ್ದರು. ನಿಲ್ಲಿಸಲಿಲ್ಲ. ಮರೆತೆ ಅನ್ನೋದನ್ನೇ ಸಾಲು ಮಾಡಿಕೊಂಡು ಹಾಡಿದರು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು! ನಮ್ಮೂರಿಗೆ ಇದೇನು ಹೊಸದಾ? ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಮಾತು ತಪ್ಪಿದರೆ ಅಲ್ಲೇ ಹೊಸ ಮಾತು ಹೊಸೆಯೋದು ಕಂಪನಿ ನಾಟಕದವರಿಗೆ ನೀರು ಕುಡಿದಷ್ಟು ಸಲೀಸು. ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಅಂತ ಕೂಗಿ ಮತ್ತೆ ಹಾಡಿಸುತ್ತಿದ್ದ ಜನ ನಾವು.

ಈಗ ‘ಒಂದ್ನಿಮಿಷ ಮೇಡಂ’ ಅಂತೀವಿ. ಮೂರನೇ ಹಾಡಿನ ಅರ್ಧಕ್ಕೆ ನಿರೂಪಕರು ಹಾಗಂತಲೇ ವೇದಿಕೆಗೆ ನುಗ್ಗಿದರು. ಅತಿಥಿಗಳಿಗೆ ಬೇರೆ ಕಡೆ ಮದುವೆ ಇದೆ, ಈಗಲೇ ಸನ್ಮಾನ ಮುಗಿಸಬೇಕು. ಡ್ರಮ್ಮಿನವರ ಕೋಲು ಗಾಳಿಯಲ್ಲೇ ನಿಂತಿತು. ಶಾಲು, ಹಣ್ಣಿನ ಬುಟ್ಟಿ, ಪೇಟ. ಪೇಟ ಕಿವಿಯವರೆಗೂ ಜಾರಿತು.

ನಗುತ್ತಾ ಬರೆಯೋಣ ಅಂತಲೇ ಕೂತೆ. ಆಗ್ತಿಲ್ಲ. ಹಾಡುವವರ ಬಾಯಿ ಮುಚ್ಚಿಸಿ ಶಾಲು ಹೊದಿಸೋದು ಯಾವ ಸೀಮೆ ಮರ್ಯಾದೆ ಸ್ವಾಮಿ? ಜಾಜ್ ಅಂತಲ್ಲ. ತತ್ವಪದದವರಿಗೂ ಇದೇ ಗತಿ, ಡೊಳ್ಳಿನವರಿಗೂ ಇದೇ ಗತಿ. ಕೇಳೋಕೆ ಮನಸ್ಸಿಲ್ಲ ಅಂದಮೇಲೆ ಕರೆಯೋದ್ಯಾಕೆ? ಸುಮ್ನೆ ಊಟ ಹಾಕಿ ಕಳಿಸಿ.

ಊಟವೂ ಇತ್ತು ಅನ್ನಿ. ಕಾರ್ಡಿನಲ್ಲಿ ಎರಡು ಲೈವ್ ಇತ್ತು, ಲೈವ್ ಜಾಜ್ ಮತ್ತು ಬೆಣ್ಣೆ ದೋಸೆ ಲೈವ್ ಕೌಂಟರ್. ಕಾವಲಿ ಚುಂಯ್ ಅಂದಿದ್ದೇ ತಡ, ಹಾಲ್ ಅರ್ಧ ಖಾಲಿ. ಸುಳ್ಳು ಹೇಳಲ್ಲ, ನಾನೂ ಎದ್ದೆ. ಕೊನೆ ಹಾಡು ಕೇಳಿದ್ದು ದೋಸೆ ಕ್ಯೂನಲ್ಲಿ ನಿಂತೇ.

10 ಗಂಟೆಗೆ ಆ ಗಾಯಕಿಯೂ ತಟ್ಟೆ ಹಿಡಿದು ಬಂದರು. ಶಾಲು ಇನ್ನೂ ಹೆಗಲ ಮೇಲಿತ್ತು. ಕೌಂಟರಿನ ಹುಡುಗ ತಲೆ ಎತ್ತದೆ ಕೇಳಿದ, ‘ಮೇಡಂ, ಕೂಪನ್?’