ಬರೀ ಒಂದು ಗಂಟೆ

ಕಾಸರಗೋಡಿನ ಬದಿಯಡ್ಕದ ಕಡೆ ಯಾವ ಮದುವೆಗೆ ಹೋದರೂ ಬೆಂಗಳೂರಿನಿಂದ ಬಂದ ಒಬ್ಬ ಭಾವನಾದರೂ ಸಿಗುತ್ತಾನೆ. ‘ಫ್ಲೈಟಲ್ಲಿ ಬಂದೆ, ಬರೀ ಒಂದು ಗಂಟೆ’ ಎನ್ನುತ್ತಾನೆ. ಸುಳ್ಳೇನಲ್ಲ. ಆದರೆ ಆ ಗಂಟೆಯ ಹಿಂದೆ ಮುಂದೆ ಎಷ್ಟು ಗಂಟೆ ಇತ್ತು ಎಂದು ಅವನೂ ಹೇಳುವುದಿಲ್ಲ, ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುವುದಿಲ್ಲ.

ನಕ್ಷೆಯಲ್ಲಿ ನೂಲು ಹಿಡಿದು ಅಳೆದರೆ ಬದಿಯಡ್ಕದಿಂದ ಮೆಜೆಸ್ಟಿಕ್ಕಿಗೆ ಸುಮಾರು 275 ಕಿಲೋಮೀಟರ್. ಪೆರ್ಲ, ಪುತ್ತೂರು, ಉಪ್ಪಿನಂಗಡಿ ದಾಟಿ ಶಿರಾಡಿ ಹತ್ತಿದರೆ ಅದೇ ದೂರ 350ರ ಹತ್ತಿರ ಆಗುತ್ತದೆ. ಘಾಟಿಯಲ್ಲಿ ತಿರುವು ಉಂಟು, ಲಾರಿ ಉಂಟು, ಆಗಲೇಬೇಕು. ವಿಮಾನಕ್ಕೆ ಈ ತಿರುವಿಲ್ಲ, ಅದನ್ನು ಹತ್ತುವವನಿಗೆ ಇದೆ! ಬೆಂಗಳೂರು ಇರುವುದು ಪೂರ್ವಕ್ಕೆ, ನಾವು ಹೊರಡುವುದು ಉತ್ತರಕ್ಕೆ. ಕುಂಬಳೆಗೆ ಇಳಿದು, ಹೆದ್ದಾರಿ ಹಿಡಿದು, ತಲಪಾಡಿಯಲ್ಲಿ ಗಡಿ ದಾಟಿ, ಮಂಗಳೂರಿನ ಟ್ರಾಫಿಕ್ ನುಂಗಿಕೊಂಡು ವಿಮಾನ ನಿಲ್ದಾಣ ಇರುವ ಬಜ್ಪೆಯ ಗುಡ್ಡ ಹತ್ತಬೇಕು. ಆ ಕಡೆ ದೇವನಹಳ್ಳಿಯಲ್ಲಿ ಇಳಿದ ಮೇಲೂ ಮೆಜೆಸ್ಟಿಕ್ಕಿಗೆ 35 ಕಿಲೋಮೀಟರ್ ಬಾಕಿ. 2008ರವರೆಗೆ ಎಚ್‌ಎಎಲ್ ನಿಲ್ದಾಣ ಊರೊಳಗೇ ಇತ್ತು. ಭಾವನ ಮಾತಿಗೆ ಆಗ ಸ್ವಲ್ಪ ಬೆಲೆ ಇತ್ತು ಅನ್ನಿ.

ದಾರಿಗೆ ಎರಡು ಗಂಟೆ, ನಿಲ್ದಾಣದಲ್ಲಿ ಕಾಯಲು ಎರಡು, ಹಾರಲು ಒಂದು, ಬ್ಯಾಗು ಬರಲು ಅರ್ಧ, ಮನೆ ಸೇರಲು ಒಂದೂವರೆ. ಏಳು ಗಂಟೆ ಆಯ್ತಲ್ಲ? ಕಾರಿನಲ್ಲಿ ಹೋದರೆ ಎಂಟು.

ಇನ್ನು ಆ ಹಾರುವ ಗಂಟೆ. ಜೆಟ್ ವಿಮಾನ ಗಂಟೆಗೆ 800 ಕಿಲೋಮೀಟರ್ ಹೋಗಬಲ್ಲದು. ಬಜ್ಪೆಯಿಂದ ದೇವನಹಳ್ಳಿಗೆ 300 ಚಿಲ್ಲರೆ. ಲೆಕ್ಕಕ್ಕೆ 25 ನಿಮಿಷ ಸಾಕು. ಆದರೆ ರನ್‌ವೇ ತುದಿಗೆ ಉರುಳಬೇಕು, ಏರಬೇಕು, ಇಳಿಯಬೇಕು, ಸರದಿ ಬರುವವರೆಗೆ ಮೇಲೆ ಸುತ್ತಬೇಕು. ಪೂರ್ತಿ ಏರಿ ಆಯಿತು ಎನ್ನುವಷ್ಟರಲ್ಲಿ ಇಳಿಯಲು ಶುರು. ನೀರು ಕೊಟ್ಟ ಗಗನಸಖಿ, ನಾವು ಕುಡಿದು ಮುಗಿಸುವ ಮೊದಲೇ ಖಾಲಿ ಲೋಟಕ್ಕೆ ಚೀಲ ಹಿಡಿದು ಬರುತ್ತಾಳೆ.

ರಾತ್ರಿ ಬಸ್ಸಿನ ಲೆಕ್ಕವೇ ಬೇರೆ. ಮನೆಯಲ್ಲಿ ಊಟ ಮಾಡಿ ಹತ್ತಿದರಾಯಿತು. ನಡುವೆ ಎಲ್ಲೋ ಟ್ಯೂಬ್‌ಲೈಟಿನ ಹೋಟೆಲಿನ ಮುಂದೆ ನಿಲ್ಲಿಸುತ್ತಾರೆ, ಅರ್ಧ ಕಣ್ಣಿನಲ್ಲೇ ಚಾ ಕುಡಿಯುತ್ತೇವೆ. ಶಿರಾಡಿಯಲ್ಲಿ ಮೈ ಆ ಕಡೆ ಈ ಕಡೆ ಹೊರಳುತ್ತದೆ. ಹೊದಿಕೆ ಎಳೆದುಕೊಳ್ಳಬೇಕು ಅನ್ನಿಸಿದರೆ ಸಕಲೇಶಪುರ ಬಂತು ಅಂತಲೇ. ಕಣ್ಣು ಬಿಡುವಾಗ ನೆಲಮಂಗಲ. ನಿದ್ದೆ ಮಾಡಿದ ಹೊತ್ತನ್ನು ಪ್ರಯಾಣಕ್ಕೆ ಸೇರಿಸಬಾರದು ಎಂಬುದು ನನ್ನ ವಾದ. ‘ನಿದ್ದೆ ಬರುವವರಿಗೆ ಆಯ್ತು ಮಾರಾಯ’ ಎನ್ನುತ್ತಾರೆ ಅತ್ತೆ.

ಮಳೆಗಾಲದಲ್ಲಿ ಮಾತ್ರ ಯಾರ ವಾದವೂ ನಡೆಯುವುದಿಲ್ಲ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸು ಸುತ್ತಿ ಬರಬೇಕು. ಬಜ್ಪೆಯ ರನ್‌ವೇ ಇರುವುದು ಗುಡ್ಡದ ನೆತ್ತಿಯಲ್ಲಿ. ಮೋಡ ಮುಚ್ಚಿದರೆ ವಿಮಾನ ಬೇರೆ ಊರಿಗೆ ತಿರುಗುತ್ತದೆ.

ಆದರೂ ನಮ್ಮ ಕಡೆ ಟಿಕೆಟ್ ಯಾವುದು ಎಂದು ತೀರ್ಮಾನ ಮಾಡುವುದು ಗಂಟೆಯಲ್ಲ, ಗಂಟು. ವಿಮಾನದಲ್ಲಿ ತೂಕ ನೋಡುತ್ತಾರೆ, ಕೈಚೀಲದಲ್ಲಿ ತೆಂಗಿನಕಾಯಿ ಕಂಡರೆ ಬದಿಗೆ ಎತ್ತಿಡುತ್ತಾರೆ. ಬಸ್ಸಿನವರಿಗೆ ತೂಕದ ಚಿಂತೆ ಇಲ್ಲ. ಗೋಣಿ ಮುಟ್ಟಿ ನೋಡಿ, ‘ಹಲಸಾ? ಹಣ್ಣಾಗಿದೆಯಾ?’ ಎಂದು ಕೇಳುತ್ತಾರೆ. ಇನ್ನೂ ಕಾಯಿ ಎಂದರೆ ಡಿಕ್ಕಿಯೊಳಗೆ ತಳ್ಳಿ ಬಾಗಿಲು ಹಾಕುತ್ತಾರೆ.