ಉಕ್ಕಿನ ಹೆಸರು ರಟ್ಟನ್ನು ಕತ್ತರಿಸುವುದಿಲ್ಲ

ಇವತ್ತು ಬೆಳಿಗ್ಗೆ ಕಚೇರಿಯಲ್ಲಿ ನಮ್ಮ ಹುಡುಗನೊಬ್ಬನ ತೋರುಬೆರಳು ಕೊಯ್ದು ನಾಲ್ಕು ಹೊಲಿಗೆ ಬಿತ್ತು. ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಆಸ್ಪತ್ರೆಗೆ ಹೊರಟು ನಿಂತಾಗಲೂ ಅವನು ನನ್ನನ್ನು ಕೇಳಿದ್ದು ಒಂದೇ ಮಾತು: "ಮೇಡಂ, ಇದು ಡಿ2 ಉಕ್ಕಿನ ಚಾಕು. ಹೀಗೆ ಆಗಬಾರದಿತ್ತಲ್ಲ?" ಆ ಪ್ರಶ್ನೆ ಕೇಳಿದಾಗಿನಿಂದ ನನ್ನ ತಲೆ ಕಾದಿದೆ. ರಾತ್ರಿಯಾದರೂ ಆರಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಹೊಸ ಪ್ರಿಂಟರ್ ಬಂದಿತ್ತು, ಎರಡು ಪದರದ ದಪ್ಪ ರಟ್ಟಿನ ಪೆಟ್ಟಿಗೆ. ಹೊಸ ಮಡಚುವ ಚಾಕು ಕೊಂಡ ಉತ್ಸಾಹದಲ್ಲಿ ಹುಡುಗ ತಾನೇ ಮುಂದೆ ಬಂದ. ಅಂಟುಪಟ್ಟಿ ಸಲೀಸಾಗಿ ಹರಿಯಿತು. ರಟ್ಟಿಗೆ ಇಳಿಸಿದಾಗ ಅಲಗು ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಒತ್ತಿದ, ಮುಂದಕ್ಕೆ ಹೋಗಲಿಲ್ಲ. ಹಿಡಿಯನ್ನು ಅತ್ತಿತ್ತ ತಿರುಚಿ ಮೇಲಕ್ಕೆ ಎಳೆದ. ಅಲಗು ರಟ್ಟಿನಲ್ಲೇ ಉಳಿಯಿತು, ಅದನ್ನು ಮಡಚದಂತೆ ಹಿಡಿದಿಡಬೇಕಾದ ಲಾಕ್ ಜಾರಿತು, ಹಿಡಿ ಅಲಗಿನ ಮೇಲೆ ಮಡಚಿಕೊಂಡಿತು. ಅದರ ನಡುವೆ ಇದ್ದದ್ದು ಅವನ ಬೆರಳು.

ನನ್ನ ಚೀಲದಲ್ಲಿ ಮಡಚುವ ಚಾಕು ಇಲ್ಲದ ದಿನವನ್ನು ನೀವು ಯಾರೂ ನೋಡಿಲ್ಲ. ಹಾಗಾಗಿ ನಾನು ಈ ಮಾತು ಎತ್ತುವುದು ಚಾಕು ಬೇಡ ಎನ್ನುವುದಕ್ಕಲ್ಲ. ದಾರ, ಅಂಟುಪಟ್ಟಿ, ಪೆನ್ಸಿಲ್, ಹಣ್ಣು, ಬಟ್ಟೆಯಿಂದ ಹೊರಬಂದ ನೂಲು, ಬಿಚ್ಚಲಾಗದ ಪ್ಲಾಸ್ಟಿಕ್ ಹೊದಿಕೆ, ಇಷ್ಟೆಲ್ಲವನ್ನೂ ದಿನವೂ ನೋಡಿಕೊಳ್ಳುವ ಸಾಧನ ಅದು. ಅಂಥ ಸಾಧನವನ್ನು ಆರಿಸುವಾಗ ನಾವು ಕೇಳುವ ಮೊದಲ ಪ್ರಶ್ನೆ "ಯಾವ ಉಕ್ಕು?" ಎಂದಾಗಿಬಿಟ್ಟಿದೆ. ಅಲಗು ಎಷ್ಟು ತೆಳುವಾಗಿದೆ ಎಂದು ಕೇಳುವವರಿಲ್ಲ. ನನ್ನ ಸಿಟ್ಟು ಇದರ ಮೇಲೆ. ಎಷ್ಟು ಸುತ್ತಿ ಬಂದರೂ ಇಲ್ಲಿಗೇ ಬರುತ್ತೇನೆ.

ಕತ್ತರಿಸುವುದೆಂದರೆ ವಸ್ತುವನ್ನು ಸೀಳಿ ಎರಡು ಪಕ್ಕಕ್ಕೆ ಸರಿಸುವುದು. ಸೀಳುವ ಕೆಲಸ ಬಾಯಂಚಿನದು, ಸರಿಸುವ ಕೆಲಸ ಅದರ ಹಿಂದಿನ ದಪ್ಪದ್ದು. ಹುಡುಗನ ಚಾಕುವಿನ ಬಾಯಿ ಕೂದಲು ಬೋಳಿಸುವಷ್ಟು ಹರಿತವಾಗಿತ್ತು, ನಾನೇ ಪರೀಕ್ಷಿಸಿ ನೋಡಿದೆ. ಆದರೆ ಬಾಯಂಚು ಮುಗಿದ ಕೂಡಲೇ ಹಿಂದೆ ಒಂದು ಮಿಲಿಮೀಟರಿನಷ್ಟು ದಪ್ಪ, ಬೆನ್ನಿಗೆ ಬರುವ ಹೊತ್ತಿಗೆ ಮೂರೂವರೆ. ಅದು ರಟ್ಟಿನೊಳಗೆ ಹೋಗುವುದು ಸೌದೆಗೆ ಬೆಣೆ ಹೊಡೆದಂತೆ. ಸೌದೆಗಾದರೆ ಬೆಣೆಯೇ ಬೇಕು, ಸೌದೆ ಬಿರಿಯುತ್ತದೆ. ರಟ್ಟು ಬಿರಿಯುವುದಿಲ್ಲ, ಎರಡೂ ಕಡೆಯಿಂದ ಅಲಗನ್ನು ಕಚ್ಚಿ ಹಿಡಿಯುತ್ತದೆ. ಬಾಯಂಚಿನ ಹಿಂದೆ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಇರುವ ಚಾಕುವನ್ನು ಒಮ್ಮೆ ಅದೇ ರಟ್ಟಿನ ಮೇಲೆ ಎಳೆದು ನೋಡಿ. ಕೈಗೆ ತಿಳಿಯುವ ಆ ವ್ಯತ್ಯಾಸವನ್ನು ಯಾವ ಉಕ್ಕಿನ ಹೆಸರೂ ಹೇಳುವುದಿಲ್ಲ.

ಒಪಿನೆಲ್ ಚಾಕುವನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ಸವೊಯಿ ಪ್ರದೇಶದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕು ಅದು. ಬೀಚ್ ಮರದ ಹಿಡಿ, ಒಂದು ಅಲಗು, ತಿರುಗಿಸಿದರೆ ಅಲಗು ಮಡಚದಂತೆ ಅಡ್ಡ ನಿಲ್ಲುವ ಲೋಹದ ಬಳೆ. ಆ ಬಳೆ ಬಂದದ್ದು 1955ರಲ್ಲಿ. ಎಂಟನೆಯ ಸಂಖ್ಯೆಯ ಚಾಕುವಿನ ಅಲಗು ಎಂಟೂವರೆ ಸೆಂಟಿಮೀಟರ್ ಉದ್ದ, ಬೆನ್ನಿನಲ್ಲೂ ಎರಡು ಮಿಲಿಮೀಟರ್ ದಪ್ಪವಿಲ್ಲ. ತೂಕ 50 ಗ್ರಾಂ ಆಸುಪಾಸು, ಜೇಬಿನಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಅದರ ಉಕ್ಕಿನ ಹೆಸರಿಗೆ ಇವತ್ತು ಯಾರೂ ಬೆರಗಾಗುವುದಿಲ್ಲ. ಆದರೂ ಅದು ಸೇಬಿನೊಳಗೆ ಇಳಿಯುವ ರೀತಿಯನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಬೆಣೆಯಂಥ ಚಾಕುವಿಗೆ ಸೇಬು ಟಪ್ಪೆಂದು ಸಿಡಿದು ಎರಡಾಗುತ್ತದೆ. ಇದಕ್ಕೆ ಮೌನವಾಗಿ ಹೋಳಾಗುತ್ತದೆ.

ಅದರಲ್ಲಿ ಕೊರತೆಗಳಿವೆ. ನೀರು ತಾಗಿದರೆ ಮರ ಉಬ್ಬಿ ಅಲಗನ್ನು ಬಿಗಿಹಿಡಿಯುತ್ತದೆ. ಆಗ ಹಿಡಿಯ ತುದಿಯನ್ನು ಮೇಜಿಗೆ ಮೆಲ್ಲನೆ ಕುಟ್ಟಿದರೆ ಅಲಗು ತಾನೇ ಸ್ವಲ್ಪ ಹೊರಗೆ ಬರುತ್ತದೆ. ಕಾರ್ಬನ್ ಉಕ್ಕಿನದಾದರೆ ಒರೆಸದೆ ಇಟ್ಟ ರಾತ್ರಿಯೇ ತುಕ್ಕು ಹಿಡಿಯುತ್ತದೆ. ತುಕ್ಕಿನ ಚಿಂತೆ ಬೇಡದವರಿಗೆ 12ಸಿ27 ಎಂಬ ಸ್ಟೇನ್‌ಲೆಸ್ ಉಕ್ಕಿನದೂ ಇದೆ. ಒಂದೇ ಕೈಯಲ್ಲಿ ಬಿಡಿಸಲು ಸುಲಭವಲ್ಲ, ಜೇಬಿಗೆ ಸಿಕ್ಕಿಸುವ ಕ್ಲಿಪ್ ಇಲ್ಲ. ಇವೆಲ್ಲ ಗೊತ್ತಿದ್ದೂ ಮೊದಲ ಚಾಕು ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹೇಳಬೇಕಿತ್ತು ಎನ್ನುವುದು ಹೆಚ್ಚು ಸರಿ, ಆ ಮಾತಿಗೆ ಮುಂದೆ ಬರುತ್ತೇನೆ.

ಉಕ್ಕಿನ ಬಗ್ಗೆ ನನಗೆ ತಿರಸ್ಕಾರವಿದೆ ಎಂದುಕೊಳ್ಳಬೇಡಿ. ಡಿ2 ಒಳ್ಳೆಯ ಉಕ್ಕೇ. ಲೋಹದ ಹಾಳೆಗಳನ್ನು ಕತ್ತರಿಸಿ ಆಕಾರ ಕೊಡುವ ಅಚ್ಚುಗಳಿಗಾಗಿ ಬೆಳೆದು ಬಂದದ್ದು, ಸುಮಾರು ಶೇಕಡಾ 1.5 ಇಂಗಾಲ, 12 ಕ್ರೋಮಿಯಂ. ಸವೆತಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಆ ಕ್ರೋಮಿಯಂನ ದೊಡ್ಡ ಪಾಲು ಇಂಗಾಲದೊಡನೆ ಸೇರಿ ಗಟ್ಟಿ ಕಣಗಳಾಗಿ ಕುಳಿತುಬಿಡುವುದರಿಂದ ತುಕ್ಕನ್ನು ತಡೆಯಲು ಉಳಿಯುವುದು ಕಡಿಮೆ. ಬೆವರಿನ ಜೇಬಿನಲ್ಲಿಟ್ಟರೆ ಚುಕ್ಕೆ ಬೀಳುತ್ತದೆ. 8ಸಿಆರ್13ಎಂಒವಿ ಎಂಬ ಉದ್ದ ಹೆಸರಿನ ಉಕ್ಕು ಇದಕ್ಕಿಂತ ಬೇಗ ಮೊಂಡಾಗುತ್ತದೆ, ಆದರೆ ಮಸೆಗಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಹರಿತ. ದಿನಕ್ಕೆ ಎರಡು ಲಕೋಟೆ, ಒಂದು ಪೆಟ್ಟಿಗೆ ಬಿಚ್ಚುವವನಿಗೆ ಯಾವುದು ಬೇಕು? ನನ್ನನ್ನು ಕೇಳಿದರೆ ಎರಡನೆಯದು.

"ಒಳ್ಳೆಯ ಉಕ್ಕು ಹರಿತವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಅದಕ್ಕಾದರೂ ಬೆಲೆ ಇಲ್ಲವೇ?" ಎಂದು ಕೇಳುವವರಿದ್ದಾರೆ. ಇದೆ. ಆದರೆ ಉಕ್ಕಿಗೆ ಗುಣ ಬರುವುದು ಹೆಸರಿನಿಂದಲ್ಲ, ಹದದಿಂದ. ಕಾಯಿಸಿ, ತಣಿಸಿ, ಮತ್ತೆ ಸರಿಯಾದ ಬಿಸಿಯಲ್ಲಿ ಇಟ್ಟು ತೆಗೆದಾಗ ಮಾತ್ರ ಗಡಸುತನ ಬಾಯಂಚಿನಲ್ಲಿ ನಿಲ್ಲುತ್ತದೆ. ಅಗ್ಗದ ಚಾಕುವಿನ ಅಲಗಿನ ಮೇಲೆ ಉಕ್ಕಿನ ಹೆಸರು ಕೆತ್ತಲು ಒಂದು ಕ್ಷಣ ಸಾಕು, ಹದ ಕೊಡಲು ಕುಲುಮೆ ಬೇಕು, ತಾಳ್ಮೆ ಬೇಕು. ಹದ ಕೆಟ್ಟ ಡಿ2ಗಿಂತ ಹದವಾದ ಸಾಧಾರಣ ಉಕ್ಕು ಎಷ್ಟೋ ಪಾಲು ಮೇಲು. ವಿಕ್ಟೋರಿನಾಕ್ಸ್ ಚಾಕುಗಳ ಅಲಗು ರಾಕ್‌ವೆಲ್ ಮಾಪನದಲ್ಲಿ 56ರಷ್ಟೇ ಗಡಸು, ಇವತ್ತಿನ ಲೆಕ್ಕದಲ್ಲಿ ಮೆದು. 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಕೊಟ್ಟ ಮನೆತನ ಅದು. ಈಗಲೂ ಅಲಗು ತೆಳು, ಈಗಲೂ ಚೆನ್ನಾಗಿ ಕತ್ತರಿಸುತ್ತದೆ. ಹಾಗಾಗಿ ಆ ವಾದ ನನ್ನ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇನ್ನು ಲಾಕ್. ಇವತ್ತು ಜಾರಿದ್ದು ಲೈನರ್ ಲಾಕ್. ಹಿಡಿಯ ಒಳಗಿನ ತೆಳು ಲೋಹದ ಪಟ್ಟಿ ಸ್ಪ್ರಿಂಗಿನಂತೆ ಬಾಗಿ ಅಲಗಿನ ಬುಡದ ಹಿಂದೆ ಬಂದು ಕೂರುತ್ತದೆ. ಚೆನ್ನಾಗಿ ಮಾಡಿದ ಕಡೆ ಅದು ನಂಬಬಹುದಾದ ವಿಧಾನ. ಕೆಟ್ಟದಾಗಿ ಮಾಡಿದ ಕಡೆ ಪಟ್ಟಿಯ ತುದಿ ಅಲಗಿನ ಬುಡಕ್ಕೆ ಕೂದಲೆಳೆಯಷ್ಟು ಮಾತ್ರ ತಾಗಿರುತ್ತದೆ, ಹಿಡಿಯನ್ನು ತಿರುಚಿದರೆ ಅಷ್ಟೂ ತಪ್ಪುತ್ತದೆ. ಕೊಂಡ ದಿನವೇ ಚಾಕು ಬಿಡಿಸಿ ಹಿಂದಿನಿಂದ ನೋಡಿ. ಪಟ್ಟಿ ಬುಡದ ದಪ್ಪದ ಕಾಲುಭಾಗಕ್ಕಾದರೂ ಬಂದು ಕೂತಿರಬೇಕು. ಅಲಗು ಮಡಚುವ ದಾರಿಯಲ್ಲಿ ಬೆರಳಿಲ್ಲದಂತೆ ಹಿಡಿದು ಬೆನ್ನಿನ ಮೇಲೆ ಒತ್ತಿ ನೋಡಿ. ಸ್ವಲ್ಪವಾದರೂ ಸರಿದರೆ ಹಿಂತಿರುಗಿಸಿ. ಎರಡು ನಿಮಿಷದ ಕೆಲಸ. ಚಾಕು ಮನೆಗೆ ಬಂದ ಸಂಭ್ರಮದಲ್ಲಿ ಅಷ್ಟನ್ನು ಮಾಡುವವರನ್ನು ನಾನು ಕಂಡಿಲ್ಲ.

ಲಾಕ್ ಇಲ್ಲದ ಚಾಕು ಅಪಾಯ ಎನ್ನುವವರಿಗೆ ನನ್ನ ಉತ್ತರ ಬೇರೆ. ವಿಕ್ಟೋರಿನಾಕ್ಸ್‌ನ ಬಹುಪಾಲು ಸಣ್ಣ ಚಾಕುಗಳಲ್ಲಿ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗ್ ಅಲಗನ್ನು ತಡೆದಿರುತ್ತದೆ, ಅಷ್ಟೇ. ಬ್ರಿಟನ್ನಿನಲ್ಲಂತೂ ಬಾಯಂಚು ಮೂರು ಇಂಚಿನೊಳಗಿರುವ, ಲಾಕ್ ಇಲ್ಲದ ಮಡಚುವ ಚಾಕುವನ್ನು ಮಾತ್ರ ಕಾರಣ ಹೇಳದೆ ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಲಾಕ್ ಇಲ್ಲ ಎಂದು ಗೊತ್ತಿರುವ ಕೈ ಎಚ್ಚರವಾಗಿರುತ್ತದೆ, ಬೆನ್ನಿನ ಕಡೆಗೆ ಒತ್ತಡ ಹಾಕುವುದಿಲ್ಲ. ಲಾಕ್ ಇದೆ ಎಂದು ನಂಬಿದ ಕೈ ಎಚ್ಚರ ತಪ್ಪುತ್ತದೆ. ನಂಬಿಸಿ ಜಾರುವ ಲಾಕ್ ಎಲ್ಲಕ್ಕಿಂತ ಕೆಟ್ಟದ್ದು.

ಈಗ ಗಮನಿಸಿ, ಅಲಗಿನ ದಪ್ಪ, ಲಾಕ್, ಎರಡೂ ಒಂದೇ ಕಡೆಗೆ ಬಂದು ನಿಂತವು. ಅಲಗು ತೆಳುವಾಗಿದ್ದಿದ್ದರೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಸಿಕ್ಕಿಕೊಳ್ಳದಿದ್ದರೆ ಅವನು ತಿರುಚುತ್ತಿರಲಿಲ್ಲ. ತಿರುಚದಿದ್ದರೆ ಆ ಬಡಕಲು ಲಾಕ್ ಕೂಡ ಇನ್ನೂ ಒಂದು ವರ್ಷ ಹೇಗೋ ನಡೆಯುತ್ತಿತ್ತು. ಬೆರಳು ಕೊಯ್ದದ್ದು ಹರಿತವಲ್ಲ, ದಪ್ಪ.

ಇಷ್ಟು ಹೊತ್ತು ತಡೆದುಕೊಂಡದ್ದನ್ನು ಈಗ ಹೇಳಿಬಿಡುತ್ತೇನೆ. ಆ ಚಾಕು ಕೊಳ್ಳಲು ಹೇಳಿದ್ದು ನಾನೇ.

ತಿಂಗಳ ಹಿಂದೆ ಅವನು ಮೊಬೈಲ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಿದ್ದ. ನಾಲ್ಕು ಚಾಕುಗಳನ್ನು ಆರಿಸಿಟ್ಟಿದ್ದ. "ಮೇಡಂ, ನಿಮಗೆ ಇದೆಲ್ಲ ಗೊತ್ತಲ್ಲ, ಯಾವುದು ತೆಗೆದುಕೊಳ್ಳಲಿ?" ಎಂದ. ನನ್ನ ಕೈಯಲ್ಲಿ ಮುಗಿಯದ ಕಡತವಿತ್ತು. ಪರದೆಯ ಮೇಲೆ ಕಣ್ಣಾಡಿಸಿ "ಡಿ2 ಇರುವುದನ್ನು ತಗೋ, ಆ ಬೆಲೆಗೆ ಮೋಸವಿಲ್ಲ" ಎಂದುಬಿಟ್ಟೆ. ಅಲಗಿನ ದಪ್ಪ ನೋಡಲಿಲ್ಲ. ಲಾಕ್ ಯಾವುದೆಂದು ನೋಡಲಿಲ್ಲ. ಏನು ಕೆಲಸಕ್ಕೆ ಬೇಕಪ್ಪಾ ಎಂದು ಕೇಳಲೂ ಇಲ್ಲ. ಇಷ್ಟು ವರ್ಷ ಚಾಕು ಹಿಡಿದವಳು, ಉಕ್ಕಿನ ಹೆಸರನ್ನು ನೋಡಿ ಮಾತು ಮುಗಿಸಿದೆ. ಅವನು ನನ್ನ ಮಾತನ್ನು ಪೂರ್ತಿ ನಂಬಿದ. ಬೆಳಿಗ್ಗೆ ಅವನು ಕೇಳಿದ್ದು ಅದೇ ಮಾತನ್ನು, ನನ್ನ ಮಾತನ್ನೇ ನನಗೆ.

ಹಾಗಾಗಿ ಇನ್ನು ಮುಂದೆ ಯಾರು ಕೇಳಿದರೂ ನಾನು ಮೊದಲು ಏನು ಕೆಲಸಕ್ಕೆ ಎಂದು ಕೇಳುತ್ತೇನೆ. ಲಕೋಟೆ, ದಾರ, ಹಣ್ಣಿಗಾದರೆ ಲಾಕ್ ಇಲ್ಲದ ಸಣ್ಣ ಸ್ವಿಸ್ ಚಾಕು. ರಟ್ಟು, ಹಗ್ಗ, ಅಡುಗೆಗಾದರೆ ಒಪಿನೆಲ್. ಒಂದೇ ಕೈಯಲ್ಲಿ ಬಿಡಿಸಲೇಬೇಕು, ಜೇಬಿನ ಅಂಚಿಗೆ ಕ್ಲಿಪ್ ಬೇಕೇ ಬೇಕು ಎನ್ನುವವರಿಗೆ ಒಂಟಾರಿಯೋ ಕಂಪನಿಯ ರ‍್ಯಾಟ್ ಚಾಕುವಿನ ಎರಡನೆಯ ಮಾದರಿಯಂಥದ್ದು, ತೂಕ 80 ಗ್ರಾಂನೊಳಗೆ. ಅದರ ಅಣ್ಣ ಒಂದನೆಯ ಮಾದರಿ 140 ಗ್ರಾಂ ದಾಟುತ್ತದೆ, ದಿನವೂ ಹೊತ್ತವರಿಗೆ ಆ ಭಾರ ಗೊತ್ತು. ಭಾರದ ಚಾಕು ವಾರದೊಳಗೆ ಮೇಜಿನ ಖಾನೆ ಸೇರುತ್ತದೆ, ಬೇಕಾದ ಹೊತ್ತಿಗೆ ಜೊತೆಯಲ್ಲಿರುವುದಿಲ್ಲ. ವಿಮಾನದ ಕ್ಯಾಬಿನ್ ಚೀಲದಲ್ಲಿ ಮಾತ್ರ ಯಾವುದನ್ನೂ ಇಡಬೇಡಿ, ಭದ್ರತಾ ತಪಾಸಣೆಯಲ್ಲಿ ಕಳೆದುಕೊಳ್ಳುತ್ತೀರಿ.

ಜೊತೆಗೆ ಒಂದು ಮಸೆಗಲ್ಲು ಕೊಳ್ಳಿ. ಚಾಕುವಿನ ಹಣದಲ್ಲಿ ಸ್ವಲ್ಪ ಉಳಿಸಿಯಾದರೂ ಕೊಳ್ಳಿ. ಒಂದು ಬದಿಗೆ ಹದಿನೈದರಿಂದ ಇಪ್ಪತ್ತು ಡಿಗ್ರಿ ಓರೆ ಹಿಡಿದು, ಆಚೆ ಬದಿಗೆ ಉಕ್ಕಿನ ಸಣ್ಣ ಎಳೆ ಎದ್ದು ಬೆರಳಿಗೆ ತಾಗುವವರೆಗೆ ಮಸೆದು, ತಿರುಗಿಸಿ ಮಸೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ಎಳೆದರೆ ಆಯಿತು. ಮೂರನೆಯ ಸಲಕ್ಕೆ ಕೈಗೆ ಬರುತ್ತದೆ.

ಹುಡುಗನ ಚಾಕು ಈಗ ನನ್ನ ಮುಂದೆ ಇದೆ. ಕೇಳಿ ತಂದೆ. ಒರಟು ಕಲ್ಲಿನ ಮೇಲೆ ಅಲಗನ್ನು ಮಲಗಿಸಿ ಬಾಯಂಚಿನ ಹಿಂದಿನ ದಪ್ಪವನ್ನು ಇಳಿಸಲು ಒಂದೂವರೆ ಗಂಟೆಯಿಂದ ಉಜ್ಜುತ್ತಿದ್ದೇನೆ. ಸವೆಯದ ಉಕ್ಕು ಎಂದು ಹೊಗಳಿದ್ದೆನಲ್ಲ, ನಿಜ, ಸವೆಯುತ್ತಿಲ್ಲ. ಇಷ್ಟು ಹೊತ್ತಿಗೆ ಒಂದು ಬದಿಯಲ್ಲಿ ಉಗುರಿನಷ್ಟು ಅಗಲದ ಹೊಳಪು ಕಾಣುತ್ತಿದೆ. ಲಾಕನ್ನು ಸರಿಮಾಡುವುದು ನನ್ನ ಕೈಯಲ್ಲಿಲ್ಲ, ಆದ್ದರಿಂದ ಇದು ಅವನ ಜೇಬಿಗೆ ಮರಳುವುದೂ ಇಲ್ಲ. ನನ್ನ ಎಂಟನೆಯ ಸಂಖ್ಯೆಯ ಒಪಿನೆಲ್ಲನ್ನು ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು ಪಕ್ಕದಲ್ಲಿಟ್ಟಿದ್ದೇನೆ. ಹೊಲಿಗೆ ಬಿಚ್ಚಿದ ದಿನ ಅವನಿಗೆ ಕೊಡುತ್ತೇನೆ. ಆ ಪ್ರಿಂಟರ್ ಪೆಟ್ಟಿಗೆಯನ್ನು ಎಸೆಯಬೇಡಿ ಎಂದು ಕಚೇರಿಯಲ್ಲಿ ಹೇಳಿ ಬಂದಿದ್ದೇನೆ. ಮೊದಲು ಅದನ್ನೇ ಕತ್ತರಿಸಲಿ.